ಕಲ್ಲು ಪಾಲಿಶ್ ಮಷಿನ್ ತಗೊಳ್ಳೋ ಮೊದಲು, ರಾಡಿ ಎಲ್ಲಿ ಹಾಕಬೇಕು ಅಂತ ಕೇಳಿ

ಕಲಬುರಗಿಯಲ್ಲಿ ಮನೆಯಲ್ಲೇ ಕಲ್ಲು ಪಾಲಿಶ್ ಮಾಡುವ ಸಣ್ಣ ಮಷಿನ್ ಸಿಗುತ್ತಿದೆ. ಮೋಟರ್ ಮೇಲೆ ಉರುಳುವ ರಬ್ಬರ್ ಡಬ್ಬಿ, ನಾಲ್ಕು ಪೊಟ್ಟಣ ಪುಡಿ, ಒಂದು ಚೀಲ ಕಲ್ಲು. ಡಬ್ಬಿಗೆ ಕಲ್ಲು, ಪುಡಿ, ನೀರು ಹಾಕಿ ದಿನಗಟ್ಟಲೆ ಉರುಳಿಸಿದರೆ ಕಲ್ಲು ಸವೆದು ನುಣುಪಾಗುತ್ತೆ, ಸವೆದದ್ದೆಲ್ಲ ನೀರಲ್ಲಿ ರಾಡಿಯಾಗುತ್ತೆ. ನಮ್ಮ ಮನೆಗೂ ಒಂದು ಬಂತು. ಅದರಿಂದ ಅವ್ವನಿಗೆ ಆದ ತ್ರಾಸು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ಹವ್ಯಾಸ ಕೆಟ್ಟದ್ದು ಅಂತ ನಾನು ಹೇಳಲ್ಲ. ಆಳಂದ, ಚಿಂಚೋಳಿ, ಬಸವಕಲ್ಯಾಣದ ಕಡೆ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರಿ ಕರಿಕಲ್ಲಾಗಿದೆ. ಅದರ ಪೊಟರೆಗಳಲ್ಲಿ ಬೆಣಚು, ಅಕೀಕ್ (ಇಂಗ್ಲಿಷಿನಲ್ಲಿ ಅಗೇಟ್) ಅನ್ನೋ ಗಟ್ಟಿ ಕಲ್ಲು ಕಟ್ಟಿಕೊಂಡಿರುತ್ತವೆ. ಕರಿಕಲ್ಲು ಕರಗಿ ಎರೆಮಣ್ಣಾದರೂ ಅವು ಹಾಗೇ ಉಳಿಯುತ್ತವೆ. ಅದಕ್ಕೇ ಹಳ್ಳದ ಮರಳಲ್ಲಿ, ಮಳೆ ಆದ ಮೇಲೆ ಹೊಲದ ಬದುವಿನಲ್ಲಿ ಕಣ್ಣಿಗೆ ಬೀಳುತ್ತವೆ. ನನ್ನ ತಂಗಿಯ ಮಗ ಅವನ್ನೆಲ್ಲ ಆರಿಸಿ ತರುತ್ತಿದ್ದ. ಉಂಗುರದ ಅಂಗಡಿಯಲ್ಲಿ ನೋಡಿದ ಹೊಳಪು ತನ್ನ ಕಲ್ಲಿಗೂ ಬರಬೇಕು ಅನ್ನೋದು ಅವನ ಆಸೆ. ಅಂಥ ಆಸೆಗೆ ಯಾರು ಬೇಡ ಅಂತಾರೆ?

ಮಷಿನ್ ಮಾರಿದ ಅಂಗಡಿಯವರೇ ಒಬ್ಬ ಹುಡುಗನನ್ನು ಕಳಿಸಿ ಶುರು ಮಾಡಿಸಿಕೊಟ್ಟರು. "ಯಾವ ಕಲ್ಲಾದ್ರೂ ನಡೀತದ್ರಿ ಅಕ್ಕಾರ" ಅಂತ ಅಂದ. ಅಕೀಕ್ ಜೊತೆ ಅಂಗಳದಲ್ಲಿ ಬಿದ್ದಿದ್ದ, ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಚೂರುಗಳನ್ನೂ ಡಬ್ಬಿಗೆ ತುಂಬಿದ. ಇದು ಶುದ್ಧ ತಪ್ಪು ಸಲಹೆ. ಫರ್ಸಿ ಸುಣ್ಣದ ಕಲ್ಲು. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು ಸುಮಾರು 3ರ ಹತ್ತಿರ, ಅಕೀಕ್ 6.5ರಿಂದ 7. ಎರಡನ್ನೂ ಕೂಡಿಸಿ ಉರುಳಿಸಿದರೆ ಮೆತ್ತಗಿನದು ಅರೆದು ಹೋಗುತ್ತೆ, ಅಕೀಕ್ ಮೊದಲಿನಂತೇ ಒರಟಾಗಿ ಉಳಿಯುತ್ತೆ. ಡಬ್ಬಿ ತೆಗೆದಾಗ ಒಳಗೆ ಇದ್ದದ್ದು ಬೂದು ಬಣ್ಣದ ದಪ್ಪ ರಾಡಿ.

ಆ ರಾಡಿಯ ಬಗ್ಗೆಯೇ ನಾನು ಹೇಳಬೇಕಾಗಿರೋದು. ಮಷಿನ್ ಎಷ್ಟು ಚಲೋ ಇದ್ದರೂ ರಾಡಿ ಬಂದೇ ಬರುತ್ತೆ. ಮೊದಲು 60/90 ನಂಬರಿನ ಒರಟು ಸಿಲಿಕಾನ್ ಕಾರ್ಬೈಡ್ (ಕಲ್ಲು ಅರೆಯುವ ಗಡಸು ವಸ್ತು) ಪುಡಿ, ನಂಬರ್ ಹೆಚ್ಚಾದಷ್ಟೂ ಪುಡಿ ನುಣ್ಣಗೆ; ಆಮೇಲೆ 120/220, ಆಮೇಲೆ 500, ಕೊನೆಗೆ ಪಾಲಿಶ್ ಪುಡಿ. ಒಂದೊಂದಕ್ಕೆ ಹೆಚ್ಚು ಕಡಿಮೆ ಒಂದು ವಾರ ಮಷಿನ್ ಹಗಲೂ ರಾತ್ರಿ ತಿರುಗಬೇಕು. ಪ್ರತಿ ಸಲ ಪುಡಿ ಬದಲಿಸುವಾಗ ಹಳೇ ರಾಡಿ ತೊಳೆದು ತೆಗೆಯಬೇಕು. ಅದು ಎಲ್ಲಿ ಹೋಗಬೇಕು ಅಂತ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ, ಅಂಗಡಿಯವರೂ ಹೇಳಲಿಲ್ಲ.

ಆ ಹುಡುಗ ಅದನ್ನು ಅಡುಗೆಮನೆ ಸಿಂಕಿಗೆ ಸುರಿದ. ಅವ್ವ ತಡೆದರು. "ಏನೂ ಆಗಂಗಿಲ್ರಿ ಅಮ್ಮಾ, ಬರೇ ಮಣ್ಣ್ ನೀರು" ಅಂತ ಮತ್ತಷ್ಟು ನೀರು ಬಿಟ್ಟ. ಮಣ್ಣಿನ ನೀರು ಹರಿದು ಹೋಗುತ್ತೆ. ಇದು ಹೋಗಲ್ಲ. ಕಲ್ಲಿನ ಪುಡಿ ಭಾರ, ಪೈಪಿನ ಬಗ್ಗಿದ ಜಾಗದಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ. ಪ್ಲಂಬರ್ ಬಂದು ಸರಳು ಹಾಕಿ ತಿವಿದರೂ ಅಲುಗಲಿಲ್ಲ. ಗೋಡೆ ಒಡೆದು ಪೈಪನ್ನೇ ಬದಲಿಸಬೇಕಾಯಿತು. ಬಾಡಿಗೆ ಮನೆ ಬೇರೆ. ಮಾಲೀಕರಿಗೆ ಸಮಾಧಾನ ಹೇಳೋದರಲ್ಲಿ ಸಾಕಾಯಿತು.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡಿನ ಮಾತು ಅಂತ ಬಿಡುತ್ತಿದ್ದೆ. ಆ ಹುಡುಗ, ಉಳಿದ ರಾಡಿಯಲ್ಲಿ ಪುಡಿ ಇನ್ನೂ ಇದೆ, ಒಣಗಿಸಿ ಮತ್ತೆ ಬಳಸಿ ಅಂತ ಹೇಳಿ ಪರಾತದಲ್ಲಿ ಸುರುವಿ ಮಾಳಿಗೆ ಮೇಲೆ ಇಟ್ಟು ಹೋಗಿದ್ದ. ನಮ್ಮ ಬೇಸಿಗೆ ಬಿಸಿಲು ಗೊತ್ತಲ್ಲ. ರಾಡಿ ಒಣಗಿ ಹಿಟ್ಟಾಯಿತು. ಗಾಳಿಗೆ ಮೆಟ್ಟಿಲು, ಒಗೆದು ಹಾಕಿದ ಬಟ್ಟೆ, ಒಳಗಿನ ಕೋಣೆ ಎಲ್ಲ ಕಡೆ ಹರಡಿತು. ಅವ್ವ ಎಂದಿನಂತೆ ಕಸಬರಿಗೆ ತಗೊಂಡು ಗುಡಿಸಿದರು. ಅವರಿಗೆ ಮೊದಲೇ ದಮ್ಮು ಇದೆ. ಆ ರಾತ್ರಿ ಉಸಿರು ಸಿಗದೆ ಎದ್ದು ಕೂತವರನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಈಗ ಆರಾಮಾಗಿದ್ದಾರೆ. ಆದರೆ ಆ ರಾತ್ರಿಯ ಅವರ ಮುಖ ನನಗೆ ಮರೆಯಲ್ಲ.

ಅಕೀಕ್, ಬೆಣಚು ಎರಡೂ ಸಿಲಿಕಾ ಅನ್ನೋ ಖನಿಜವೇ. ಅದರ ಸಣ್ಣ ಧೂಳು ಕಣ್ಣಿಗೆ ಕಾಣದಷ್ಟು ನುಣ್ಣಗಿದ್ದು ಶ್ವಾಸಕೋಶದ ತಳದವರೆಗೆ ಇಳಿಯುತ್ತೆ. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ರೋಗ ಬರಬಹುದು, ಅದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಕೆಲಸದ ಜಾಗದಲ್ಲಿ ಉಸಿರಾಡುವ ಈ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಹೇಳಿದೆ. ಗುಜರಾತಿನ ಖಂಬಾತ್‌ನಲ್ಲಿ ತಲೆತಲಾಂತರದಿಂದ ಅಕೀಕ್ ಉಜ್ಜುವವರಲ್ಲಿ ಎಷ್ಟೋ ಜನ ಈ ರೋಗದಿಂದಲೇ ಸತ್ತಿದ್ದಾರೆ. ಒಂದು ದಿನದ ಧೂಳಿಗೆ ಸಿಲಿಕೋಸಿಸ್ ಬರಲ್ಲ, ಹೆದರಬೇಡಿ. ಆದರೆ ದಮ್ಮು ಇರುವವರಿಗೆ ಆ ಒಂದು ದಿನವೇ ಜಾಸ್ತಿ ಆಗಬಹುದು. ಇಂಥ ವಸ್ತುವನ್ನು ಮಕ್ಕಳ ಆಟಿಕೆ ಅಂತ ಮಾರುವವರು ಒಂದು ಮಾತು ಹೇಳಬೇಕಿತ್ತು, ಅಲ್ವಾ?

ಈಗಾಗಲೇ ಮಷಿನ್ ತಗೊಂಡವರಿಗೆ: ಡಬ್ಬಿ ಉರುಳುವಾಗ ಒಳಗೆಲ್ಲ ಒದ್ದೆ ಇರೋದರಿಂದ ಧೂಳು ಏಳಲ್ಲ. ಅಪಾಯ ಒಣಗಿದ ಮೇಲೆ. ಡಬ್ಬಿಯನ್ನು ಹೊರಗೆ ಬಕೆಟ್ಟಿನಲ್ಲಿ ತೊಳೆಯಿರಿ. ರಾತ್ರಿಯೆಲ್ಲ ಬಿಟ್ಟರೆ ರಾಡಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿನೀರನ್ನು ಖಾಲಿ ಮಣ್ಣಿಗೆ ಹಾಕಿ, ತಳದ್ದನ್ನು ಹಸಿ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ಸಿಂಕ್, ಬಚ್ಚಲು, ಚರಂಡಿ ಯಾವುದಕ್ಕೂ ಬೇಡ. ನೆಲಕ್ಕೆ ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಬೇಡಿ. ದೊಡ್ಡ ಕಲ್ಲು ಒಡೆಯುವಾಗ ನೀರು ಚಿಮುಕಿಸಿ, ಕನ್ನಡಕ ಮತ್ತು ಎನ್95 ಮಾಸ್ಕ್ ಹಾಕಿ. ಬರೇ ಕರ್ಚೀಫ್ ಕಟ್ಟಿಕೊಂಡರೆ ಈ ಧೂಳು ನಿಲ್ಲಲ್ಲ. ಡಬ್ಬಿಯಲ್ಲಿ ಕೆಲವೊಮ್ಮೆ ಗ್ಯಾಸ್ ಕಟ್ಟಿಕೊಳ್ಳುತ್ತೆ, ಹಾಗಾಗಿ ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ, ಮುಖ ದೂರ ಇಟ್ಟುಕೊಂಡು.

ಅಂಗಡಿಯವರು ಪೈಪಿನ ಖರ್ಚೂ ಕೊಡಲಿಲ್ಲ, ಮಷಿನ್ನೂ ವಾಪಸ್ ತಗೊಳ್ಳಲಿಲ್ಲ. ನಮಗೆ ಕೊಟ್ಟಿದ್ದು ಕೈಚೀಟಿ. ಅದನ್ನಿಟ್ಟುಕೊಂಡೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇವೆ. ನೀವು ತಗೊಂಡರೆ ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ಲು ಕೇಳಿ. ಪೊಟ್ಟಣದ ಮೇಲೆ ಒಳಗಿರೋ ಪುಡಿ ಯಾವುದು, ಎಷ್ಟು ನಂಬರಿನದು ಅಂತ ಬರೆದಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.