ಊರವರೇ ಹೇಳುವ ಶಾಂತಿಯ ಗುರುತುಗಳು: ‘ಎವ್ರಿಡೇ ಪೀಸ್ ಇಂಡಿಕೇಟರ್ಸ್’ ವಿಧಾನದ ವಿಮರ್ಶೆ

2007ರಿಂದ ಹೊರಬರುತ್ತಿರುವ ಗ್ಲೋಬಲ್ ಪೀಸ್ ಇಂಡೆಕ್ಸ್ 163 ದೇಶಗಳ ಶಾಂತಿಯನ್ನು 23 ಸೂಚಕಗಳಿಂದ, ಅಂದರೆ ಅಳತೆಯ ಗುರುತುಗಳಿಂದ, ತೂಗುತ್ತದೆ. ಕದನ ವಿರಾಮದ ನಂತರ ಒಂದು ಹಳ್ಳಿಯ ಹೆಂಗಸರು ಕತ್ತಲಲ್ಲಿ ನೀರಿಗೆ ಹೋಗುತ್ತಿದ್ದಾರೋ ಇಲ್ಲವೋ ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಆ ಕೊರತೆ ತುಂಬಲು ಸಂಶೋಧಕರಾದ ಪಮೀನಾ ಫರ್ಕೋ ಮತ್ತು ರೋಜರ್ ಮ್ಯಾಕ್ ಗಿಂಟಿ ರೂಪಿಸಿದ ವಿಧಾನವೇ ‘ಎವ್ರಿಡೇ ಪೀಸ್ ಇಂಡಿಕೇಟರ್ಸ್’ (ದಿನನಿತ್ಯದ ಶಾಂತಿಯ ಸೂಚಕಗಳು). ಮೊದಲು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಉಗಾಂಡ, ದಕ್ಷಿಣ ಸುಡಾನ್‌ಗಳಲ್ಲಿ ಪ್ರಯೋಗಕ್ಕಿಟ್ಟು, ನಂತರ ಕೊಲಂಬಿಯಾಕ್ಕೂ ಒಯ್ದರು.

ಕೆಲಸದ ಕ್ರಮ ಸರಳ. ಒಂದು ಊರಿನಲ್ಲಿ ಹೆಂಗಸರು, ಗಂಡಸರು, ಯುವಜನರು ಬೇರೆ ಬೇರೆಯಾಗಿ ಕೂರುತ್ತಾರೆ. ಕೇಳುವ ಪ್ರಶ್ನೆ ಒಂದೇ: ‘ಇಲ್ಲಿ ಶಾಂತಿ ಇದೆಯೋ ಇಲ್ಲವೋ ಎಂದು ನಿಮಗೆ ಯಾವುದರಿಂದ ಗೊತ್ತಾಗುತ್ತದೆ?’ ಬಂದ ಮಾತುಗಳನ್ನೆಲ್ಲ ಬರೆದುಕೊಂಡು, ಮೂರೂ ಗುಂಪಿನವರನ್ನು ಮತ್ತೆ ಸೇರಿಸಿ, ಯಾವುದು ಮುಖ್ಯವೆಂದು ಅವರಿಂದಲೇ ಮತ ಹಾಕಿಸುತ್ತಾರೆ. ಮತದಲ್ಲಿ ಆಯ್ಕೆಯಾದ ಸೂಚಕಗಳು ಪ್ರಶ್ನಾವಳಿಯಾಗಿ ಮನೆಮನೆಗೆ ಹೋಗುತ್ತವೆ. ಅದೇ ಪ್ರಶ್ನಾವಳಿ ಕಾಲಕಾಲಕ್ಕೆ ಮರುಕಳಿಸುತ್ತದೆ.

ಮತ ಹಾಕಿಸುವ ಹಂತವೇ ಈ ವಿಧಾನದ ಜೀವ. ಹೊರಗಿನ ತಜ್ಞರು ಪಟ್ಟಿಯನ್ನು ‘ಚೆಂದ’ ಮಾಡುವ ನೆಪದಲ್ಲಿ ಊರವರ ಮಾತನ್ನು ಕೈಬಿಡುವುದನ್ನು ಅದು ತಡೆಯುತ್ತದೆ. ಸಮಯ ಉಳಿಸಲು ಇದನ್ನು ಬಿಟ್ಟ ಯೋಜನೆಗೆ ಈ ವಿಧಾನದ ಹೆಸರು ಸಲ್ಲದು.

ಕೆಡುವುದು ಹೆಚ್ಚಾಗಿ ಮೊದಲ ಸಭೆಯಲ್ಲೇ. ಸಂಸ್ಥೆಯವರು ಬಂದಿದ್ದಾರೆ ಎಂದೊಡನೆ ಜನ ಗುರುತು ಹೇಳುವ ಬದಲು ಬೇಡಿಕೆ ಹೇಳುತ್ತಾರೆ: ರಸ್ತೆ ಬೇಕು, ಆಸ್ಪತ್ರೆ ಬೇಕು. ಅದು ಅವರ ತಪ್ಪಲ್ಲ, ಇಂಥ ಸಭೆಗಳು ಅವರಿಗೆ ಕಲಿಸಿದ್ದೇ ಅದು. ‘ರಸ್ತೆ ಬಂದರೆ ಇಲ್ಲಿ ಏನು ಬದಲಾಗುತ್ತದೆ?’ ಎಂದು ಮರುಪ್ರಶ್ನೆ ಹಾಕಿದರೆ ‘ಸಂಜೆ ಸಂತೆಯಿಂದ ಹೆದರದೆ ಬರುತ್ತೇವೆ’ ಎನ್ನುವ ಉತ್ತರ ಹೊರಡಬಹುದು. ಬರೆದುಕೊಳ್ಳಬೇಕಾದದ್ದು ಅದನ್ನು. ನಡೆಸುವವರಿಗೆ ಈ ಮರುಪ್ರಶ್ನೆಯ ತರಬೇತಿ ಇಲ್ಲದಿದ್ದರೆ ಕೈಗೆ ಬರುವುದು ಅಭಿವೃದ್ಧಿ ಬೇಡಿಕೆಗಳ ಪಟ್ಟಿಯಷ್ಟೇ.

ಎರಡನೆಯ ತೊಡಕು ದಿಕ್ಕಿನದು. ‘ರಾತ್ರಿ ನಾಯಿ ಬೊಗಳುವುದು’ ಎಂಬ ಸೂಚಕವನ್ನೇ ನೋಡಿ. ಒಂದೂರಿನಲ್ಲಿ ಅದು ಅಪರಿಚಿತರ ಓಡಾಟದ ಸುಳಿವು. ಇನ್ನೊಂದೂರಿನಲ್ಲಿ ನಾಯಿ ಸಾಕುವಷ್ಟು ಜನ ಮರಳಿ ನೆಲೆಸಿದ್ದಾರೆ ಎಂಬ ಸಮಾಧಾನ. ಹೆಚ್ಚಿದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಪ್ರತಿ ಸೂಚಕದ ಪಕ್ಕದಲ್ಲೂ ಊರವರ ಬಾಯಲ್ಲೇ ಕೇಳಿ ಬರೆದಿಡಬೇಕು. ‘ಮಕ್ಕಳು ಶಾಲೆಗೆ ಹೋಗುತ್ತಾರೆ ಮತ್ತು ಹೊರಗೆ ಆಡುತ್ತಾರೆ’ ಎಂಬಂಥ ಜೋಡಿ ವಾಕ್ಯವಿದ್ದರೆ ಎರಡಾಗಿ ಒಡೆಯಬೇಕು. ಇಲ್ಲವಾದರೆ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎನ್ನುವವರು ಏನು ಉತ್ತರಿಸಬೇಕು?

ಅನುವಾದದಲ್ಲೂ ಎಚ್ಚರ ಬೇಕು. ಊರವರ ಮಾತನ್ನು ವರದಿಯ ಭಾಷೆಗೆ ತಂದಾಗ ‘ಬಾಗಿಲು ತೆರೆದಿಟ್ಟು ಮಲಗುತ್ತೇವೆ’ ಎಂಬುದು ‘ಸುರಕ್ಷತೆಯ ಭಾವನೆ’ ಆಗಿಬಿಡುತ್ತದೆ. ಬಾಗಿಲು ತೆರೆದಿದೆಯೇ ಎಂದು ಯಾರಾದರೂ ಹೇಳಬಲ್ಲರು. ಭಾವನೆಯ ಬಗ್ಗೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಅರ್ಥ.

ಇದರ ದೊಡ್ಡ ಮಿತಿ ಹೋಲಿಕೆ. ಎರಡು ಊರಿನ ಸೂಚಕಗಳು ಬೇರೆಯಾದ್ದರಿಂದ ಅವುಗಳ ಅಂಕಗಳನ್ನು ನೇರವಾಗಿ ಪಕ್ಕಪಕ್ಕ ಇಡಲಾಗದು. ಭದ್ರತೆ, ನೆರೆಹೊರೆಯ ಸಂಬಂಧ, ಜೀವನೋಪಾಯ ಎಂದು ವರ್ಗ ಮಾಡಿ, ಯಾವ ಊರು ಯಾವುದಕ್ಕೆ ಹೆಚ್ಚು ತೂಕ ಕೊಟ್ಟಿತೆಂದು ನೋಡಬಹುದು, ಅಷ್ಟೇ. ದೇಶಕ್ಕೊಂದು ಅಂಕ ಬೇಕೆನ್ನುವ ದಾನಿಗೆ ಇದು ಹೊಂದುವುದಿಲ್ಲ. ತಮ್ಮ ಯೋಜನೆ ಈ ಊರಿನಲ್ಲಿ ಏನು ಮಾಡಿತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಪ್ರಾಮಾಣಿಕವಾದ ಉಪಕರಣ ಸಿಗುವುದು ಕಷ್ಟ.

ಕಾಲ ಸರಿದಂತೆ ಸೂಚಕಗಳೂ ಹಳತಾಗುತ್ತವೆ. ಗುಂಡಿನ ಸದ್ದು ನಿಂತ ಮೇಲೆ ಅದರ ಬಗ್ಗೆ ಕೇಳಿ ಪ್ರಯೋಜನವಿಲ್ಲ, ಜಮೀನಿನ ಜಗಳ ಮುಂದೆ ಬಂದಿರುತ್ತದೆ. ಆಗ ಹೊಸ ಸಭೆ ಕರೆದು ಹೊಸ ಸೂಚಕ ಸೇರಿಸಿ. ಹಳೆಯವುಗಳಲ್ಲಿ ಉಳಿಸಿಕೊಂಡದ್ದರ ಪದ ಮಾತ್ರ ಒಂದನ್ನೂ ಬದಲಿಸಬೇಡಿ. ಬದಲಿಸಿದರೆ ಮೊದಲ ಸುತ್ತಿನ ಉತ್ತರಗಳ ಜೊತೆ ಅವನ್ನು ಹೋಲಿಸಲು ಬರುವುದಿಲ್ಲ.