ಮೂರು ಸ್ಪೈಡರ್‌ಮ್ಯಾನ್ ತರಿಸಲು ಹೋಗಿ ಮಂಗನಾದೆ, ನೀವು ಆಗಬೇಡಿ

ಸಿನಿಮಾ ಫಿಗರ್, ಅಂದರೆ ಸಿನಿಮಾ ಪಾತ್ರಗಳ ಗೊಂಬೆ, ಕೂಡಿಡುವ ಹುಚ್ಚಿರುವವರು, ಅದರಲ್ಲೂ ಈಗಷ್ಟೇ ಶುರು ಮಾಡಿದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹನ್ನೊಂದೂವರೆ ಸಾವಿರ ಹೋಯಿತು. ಅದರ ಹಿಂದೆ ಇನ್ನೂ ಮೂರು ಸಾವಿರ ಹೋಗುವುದರಲ್ಲಿತ್ತು, ಅಕ್ಕ ತಡೆದಳು. ಅವಳು ಬೈದಿದ್ದನ್ನು ಇಲ್ಲಿ ಬರೆಯಲು ಆಗಲ್ಲ.

ನಮ್ಮದು ಮೈಸೂರು. ದಸರಾಗೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ದೇವರುಗಳು, ಮದುವೆ ದಿಬ್ಬಣ, ಶೆಟ್ಟಿ ಅಂಗಡಿ, ಕೊನೆಗೆ ನೆಲದ ಮೇಲೆ ಮಕ್ಕಳು ಕಟ್ಟುವ ಪಾರ್ಕು, ಝೂ. ಆ ನೆಲದ ಜಾಗ ಚಿಕ್ಕಂದಿನಿಂದ ನನ್ನದು. ಈಗ ಮೂವತ್ತೊಂದು ವರ್ಷ, ಆದರೂ ನನ್ನದೇ. ಈ ಸಲ ಅಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳನ್ನು ಒಬ್ಬರಿಗೊಬ್ಬರು ಬೆರಳು ತೋರಿಸುವ ಹಾಗೆ ನಿಲ್ಲಿಸಬೇಕು ಅಂತ ಆಸೆ. ಬೇರೆ ಬೇರೆ ಸಿನಿಮಾಗಳಲ್ಲಿ ಆ ಪಾತ್ರ ಮಾಡಿದ ಟೋಬಿ ಮ್ಯಾಗ್ವೈರ್, ಆಂಡ್ರ್ಯೂ ಗಾರ್ಫೀಲ್ಡ್, ಟಾಮ್ ಹಾಲೆಂಡ್. 2021ರ ಸಿನಿಮಾದಲ್ಲಿ ಮೂವರೂ ಒಟ್ಟಿಗೆ ಬಂದಾಗ ಥಿಯೇಟರಲ್ಲಿ ಶಿಳ್ಳೆ ಹೊಡೆದು ಮರುದಿನ ಗಂಟಲು ಕಟ್ಟಿಸಿಕೊಂಡವನು ನಾನು.

ಇವರಲ್ಲಿ ಯಾರು ಬೆಸ್ಟ್ ಅಂತ ನನ್ನ ಜೊತೆ ವಾದಕ್ಕೆ ಕೂತವರು ಬೇಗ ಎದ್ದಿಲ್ಲ. ನನ್ನ ಪ್ರಕಾರ ಪೀಟರ್ ಪಾರ್ಕರ್ ಆಗಿ, ಅಂದರೆ ಮುಖವಾಡ ಇಲ್ಲದಾಗ, ಟೋಬಿ, ಮುಖವಾಡ ಹಾಕಿದ ಮೇಲೆ ಆಂಡ್ರ್ಯೂ. ಬಾಡಿಗೆ ಕಟ್ಟಲು ಒದ್ದಾಡುವ, ಹುಡುಗಿ ಮುಂದೆ ಮಾತು ತಡವರಿಸುವ ಹುಡುಗನನ್ನು ಟೋಬಿ ಹಾಗೆ ಇನ್ಯಾರೂ ಮಾಡಿಲ್ಲ. ಆಂಡ್ರ್ಯೂ ಪೀಟರ್ ಸ್ವಲ್ಪ ಜಾಸ್ತಿಯೇ ಸ್ಟೈಲು, ಆದರೆ ಗಾಳಿಯಲ್ಲಿ ಹಾರುವಾಗ ಆ ಉದ್ದ ಕೈಕಾಲು ನೋಡಬೇಕು. ಹಾಲೆಂಡ್ ವಯಸ್ಸಿಗೆ ಸರಿಯಾದ ಸ್ಕೂಲ್ ಹುಡುಗ, ಪಲ್ಟಿಯನ್ನೂ ತಾನೇ ಹೊಡೆಯುತ್ತಾನೆ, ಆದರೆ ಬಹಳ ದಿನ ಸೂಟು ಕೊಡಿಸಿದ್ದು ಬೇರೆಯವರು ಅನ್ನೋದು ನನ್ನ ತಕರಾರು. ಬೈಯಬೇಡಿ.

ಇಷ್ಟೆಲ್ಲ ಗೊತ್ತಿದ್ದವನೇ ಮೋಸ ಹೋದೆ. ಅದೇ ಹೊಟ್ಟೆ ಉರಿ.

ನನಗೆ ಬೇಕಿದ್ದದ್ದು ಜಪಾನಿನ ಬಂಡಾಯ್ ಕಂಪನಿಯ ಎಸ್.ಎಚ್. ಫಿಗ್ಯುಆರ್ಟ್ಸ್ ಸಾಲಿನವು. (ನಮ್ಮ ಬಂಡಾಯ ಸಾಹಿತ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.) ಸುಮಾರು 15 ಸೆಂಟಿಮೀಟರ್ ಎತ್ತರ, ಮೈತುಂಬ ಜಾಯಿಂಟು, ಬದಲಾಯಿಸಲು ಬೇರೆ ಬೇರೆ ಕೈಗಳು. ಹಾಟ್ ಟಾಯ್ಸ್ ಮಾಡುವ 30 ಸೆಂಟಿಮೀಟರಿನ ಗೊಂಬೆಗಳು ನನ್ನ ಸಂಬಳಕ್ಕೆ ಎಟುಕುವಂಥವಲ್ಲ, ಆ ಮಾತು ಬಿಡಿ. ಇವೂ ಅಗ್ಗವಲ್ಲ. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಒಂದೊಂದೇ ಏಳು ಸಾವಿರದ ಮೇಲಿತ್ತು. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇಕಡ 20ರಿಂದ 60 ಆಯಿತು, 2023ರಲ್ಲಿ 70. ಹಾಗಾಗಿ ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಆಸೆ ಬಂತು.

ಆಸಾಮಿ ಒಂದು ಪೇಜ್ ನಡೆಸುತ್ತಿದ್ದ. ಮೂರೂ ಸೇರಿ ಹನ್ನೊಂದೂವರೆ ಸಾವಿರ, ಸೀಲ್ಡ್ ಬಾಕ್ಸ್, "ದುಬೈಯಿಂದ ನಮ್ಮ ಭಾವ ಬ್ಯಾಗಲ್ಲಿ ತಂದಿದ್ದು ಬ್ರೋ, ಅದಕ್ಕೇ ಡ್ಯೂಟಿ ಬಿದ್ದಿಲ್ಲ" ಅಂದ. ಫೋಟೊ ಕಳಿಸಿದ, ಹಸಿರು ಬೀರು ಮುಂದೆ ಮೂರು ಫಿಗರ್ ನಿಂತಿವೆ, ಪಕ್ಕದಲ್ಲಿ ಅರ್ಧ ಕಾಣುವ ಒಂದು ಹಳದಿ ಟೇಪು. ಒಳ್ಳೆ ಫೋಟೊ. ಕ್ಯಾಶ್ ಆನ್ ಡೆಲಿವರಿ ಇದೆಯಾ ಅಂದೆ. ಇಲ್ಲ ಬ್ರೋ, ಜನ ವಾಪಸ್ ಕಳಿಸಿ ಲಾಸ್ ಮಾಡ್ತಾರೆ ಅಂದ. ಇನ್ನಿಬ್ಬರು ಕೇಳ್ತಿದ್ದಾರೆ, ಸಂಜೆಯೊಳಗೆ ಹೇಳಿ ಅಂತಲೂ ಸೇರಿಸಿದ. ನಾನು ಸಂಜೆವರೆಗೂ ಕಾಯಲಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೇ ಯುಪಿಐ ಮಾಡಿ ಮುಗಿಸಿದ್ದೆ.

ಒಂಬತ್ತು ದಿನಕ್ಕೆ ಕೊರಿಯರ್ ಬಂತು. ಬಾಕ್ಸ್ ತೆಗೆದಾಗ ಮೊದಲು ಬಂದದ್ದು ವಾಸನೆ. ಹೊಸ ರೆಕ್ಸಿನ್ ಸೋಫಾಗೆ ಸೀಮೆಎಣ್ಣೆ ಸುರಿದ ಹಾಗೆ. ಅಮ್ಮ ಅಡುಗೆ ಮನೆಯಿಂದಲೇ "ಏನೋ ಅದು ನಾತ?" ಅಂದರು. ಬಾಕ್ಸಿನ ಚಿತ್ರ ಜೆರಾಕ್ಸ್ ಮಾಡಿದ ಹಾಗೆ ಮಸುಕು. ಎಲ್ಲೂ ಬಂಡಾಯ್ ಹೆಸರಿಲ್ಲ, ತಳದಲ್ಲಿ ಇರಬೇಕಾದ ಕಾಪಿರೈಟ್ ಸಾಲುಗಳ ಜಾಗ ಖಾಲಿ.

ಆದರೂ ಮನಸ್ಸು ಒಪ್ಪಲಿಲ್ಲ, ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿದೆ. ಮೂವರೂ ಒಂದೇ ಎತ್ತರ! ಗಾರ್ಫೀಲ್ಡ್ ಉಳಿದಿಬ್ಬರಿಗಿಂತ ಎತ್ತರದ ಮನುಷ್ಯ, ಅವನು ಪಕ್ಕದಲ್ಲಿ ನಿಂತರೆ ಅದು ಕಾಣಬೇಕು. ಇಲ್ಲಿ ಒಂದೇ ಅಚ್ಚಿನಲ್ಲಿ ಮೂರು ಮೈ ಎರೆದು ತಲೆ ಮಾತ್ರ ಬೇರೆ ಸಿಕ್ಕಿಸಿದ್ದಾರೆ. ಟೋಬಿ ಸೂಟಿನ ಬಲೆಯ ಗೆರೆಗಳು ಬೆಳ್ಳಿ ಬಣ್ಣದ್ದು, ಬಟ್ಟೆಯಿಂದ ಮೇಲೆ ಉಬ್ಬಿರುತ್ತವೆ, ಬೆರಳಾಡಿಸಿದರೆ ಸಿಗಬೇಕು. ಇದರಲ್ಲಿ ಕಪ್ಪು ಶಾಯಿಯಲ್ಲಿ ಗೀಚಿದ್ದಾರೆ, ಎದೆ ಹತ್ತಿರ ಹರಡಿಕೊಂಡಿದೆ. ಗಾರ್ಫೀಲ್ಡ್‌ಗೆ ಆ ದೊಡ್ಡ ಬಿಳಿ ಕಣ್ಣು ಬೇಕು, ಅವನ 2014ರ ಸೂಟಿನ ಚೆಂದ ಇರೋದೇ ಅದರಲ್ಲಿ, ಇವನಿಗೆ ನಿದ್ದೆಗೆಟ್ಟವನ ಕಣ್ಣು. ಹಾಲೆಂಡ್ ಕಣ್ಣು ಸಿನಿಮಾದಲ್ಲಿ ಹಿಗ್ಗುತ್ತೆ, ಕುಗ್ಗುತ್ತೆ. ಸುತ್ತಲೂ ದಪ್ಪ ಕಪ್ಪು ಅಂಚು. ನನಗೆ ಬಂದವನಿಗೆ ಒಂದು ಕಣ್ಣಿಗೆ ಅಂಚು ಇದೆ, ಇನ್ನೊಂದಕ್ಕೆ ಇಲ್ಲ.

ಇವೆಲ್ಲ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಟೋಬಿ ಮಣಿಕಟ್ಟಿಗೆ ವೆಬ್ ಶೂಟರ್, ಅಂದರೆ ಬಲೆ ಚಿಮ್ಮಿಸುವ ಯಂತ್ರ, ಇತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೋಬಿಯ ಸ್ಪೈಡರ್‌ಮ್ಯಾನ್‌ಗೆ ಬಲೆ ಮೈಯಿಂದಲೇ ಬರುತ್ತೆ, ಮಣಿಕಟ್ಟಿನಿಂದ. ಯಂತ್ರ ಕಟ್ಟಿಕೊಳ್ಳುವುದು ಇನ್ನಿಬ್ಬರು. 2021ರ ಸಿನಿಮಾದಲ್ಲಿ ಅವರಿಬ್ಬರೂ ಇದನ್ನೇ ಬಾಯಿಬಿಟ್ಟುಕೊಂಡು ಕೇಳುತ್ತಾರಲ್ಲ. ಇನ್ನೊಬ್ಬನ ಮೈಗೆ ಟೋಬಿ ತಲೆ ಅಂಟಿಸಿದ ಸಾಕ್ಷಿ ಅಲ್ಲೇ ಇತ್ತು. ಅವನು ಕಳಿಸಿದ್ದ ಫೋಟೊ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಟೋಬಿ ಮಣಿಕಟ್ಟು ಖಾಲಿ, ಎತ್ತರವೂ ಸರಿಯಾಗಿದೆ. ಫೋಟೊ ಅಸಲಿಯದು, ಯಾರದೋ ಮನೆಯದು. ಮಾಲು ಬೇರೆ.

ಟೋಬಿಯ ಕೈ ಬದಲಾಯಿಸಲು ಹೋದೆ, ಕಡ್ಡಿ ಒಳಗೇ ಮುರಿಯಿತು. ಅಸಲಿಯಲ್ಲೂ ಜಾಯಿಂಟ್ ಬಿಗಿ ಇರುವುದುಂಟು, ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಸಡಿಲ ಆಗುತ್ತೆ. ಇದನ್ನು ಬೆಚ್ಚಗೆ ಮಾಡಿದ್ದಕ್ಕೆ ಕೆಂಪು ಬಣ್ಣ ನನ್ನ ಬೆರಳಿಗೆ ಬಂತು.

ಅವನಿಗೆ ಮೆಸೇಜ್ ಹಾಕಿದೆ. ಜಗಳ ಆಗುತ್ತೆ ಅಂದುಕೊಂಡಿದ್ದರೆ ಆಸಾಮಿ ಬೆಣ್ಣೆ ಥರ. "ಅಯ್ಯೋ ಸಾರಿ ಬ್ರೋ, ಗೋಡೌನಲ್ಲಿ ಅದಲುಬದಲು ಆಗಿದೆ, ಈಗಲೇ ರೀಫಂಡ್. ಕಂತಲ್ಲಿ ಹಾಕ್ತೀನಿ, ಮೊದಲು ಮೂರು ಸಾವಿರ." ಕ್ಯೂಆರ್ ಕಳಿಸಿದ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ ಅಂದ. ನಾನು ಅಕ್ಕನ ಫೋನಲ್ಲಿ ಕ್ಯೂಆರ್ ತೆರೆದು ನನ್ನ ಫೋನಲ್ಲಿ ಸ್ಕ್ಯಾನ್ ಮಾಡುತ್ತಿದ್ದೆ. ಅವಳು ಬಗ್ಗಿ ನೋಡಿ ನನ್ನ ಫೋನ್ ಕಿತ್ತುಕೊಂಡಳು.

"ಲೋ, ದುಡ್ಡು ಬರೋಕೆ ಪಿನ್ ಯಾಕೋ ಹಾಕ್ಬೇಕು?"

ಇಂಜಿನಿಯರಿಂಗ್ ಓದಿದವನು ನಾನು. ಅವಳು ಹಿಸ್ಟರಿ ಲೆಕ್ಚರರ್. ಇದನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ: ಪಿನ್ ಹಾಕಿದರೆ ದುಡ್ಡು ಹೋಗುತ್ತೆ, ಬರಲ್ಲ. ನಕಲಿ ಗೊಂಬೆಯಲ್ಲಿ ಬೇಸ್ತು ಬಿದ್ದವನು ಸಿಟ್ಟು, ಆತುರ ಎರಡರಲ್ಲೂ ಇರುತ್ತಾನೆ, ರೀಫಂಡ್ ಅಂದರೆ ಕಣ್ಣು ಮುಚ್ಚಿ ಒತ್ತುತ್ತಾನೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಅವನು ನನ್ನನ್ನು ಬ್ಲಾಕ್ ಮಾಡಿದ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟೆ, ಬ್ಯಾಂಕಿಗೂ ಹೇಳಿದೆ. ಆದರೆ ಹತ್ತು ದಿನ ಆಗಿತ್ತು. ದುಡ್ಡು ಹೋದ ಕೂಡಲೇ ಫೋನ್ ಮಾಡಿದರೆ ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ, ಅದಕ್ಕೇ ನಿಮಗೆ ಹೀಗಾದರೆ ನನ್ನ ಹಾಗೆ ನಾಚಿಕೆಪಟ್ಟುಕೊಂಡು ಕೂರಬೇಡಿ. ಬಿಲ್ ಕೊಟ್ಟ ಅಂಗಡಿ ಕೈಕೊಟ್ಟರೆ ಗ್ರಾಹಕರ ಸಹಾಯವಾಣಿ 1915 ಇದೆ. ನನ್ನ ಕೇಸಲ್ಲಿ ಬಿಲ್ಲೂ ಇಲ್ಲ, ಅಂಗಡಿಯೂ ಇಲ್ಲ.

ಇನ್ನು ಕೊಳ್ಳುವ ಮುಂಚೆ ನಾನು ಕೇಳುವುದು ಇಷ್ಟು. ಒಂದು ಚೀಟಿಯಲ್ಲಿ ಇವತ್ತಿನ ತಾರೀಖು, ನನ್ನ ಹೆಸರು ಬರೆದು ಫಿಗರ್ ಪಕ್ಕ ಇಟ್ಟು ಹೊಸ ಫೋಟೊ ಕಳಿಸಿ ಅಂತ. ಅಸಲಿ ಇಟ್ಟುಕೊಂಡವರು ಎರಡು ನಿಮಿಷಕ್ಕೆ ಕಳಿಸುತ್ತಾರೆ, ಕಳ್ಳರು ಊರಲ್ಲಿಲ್ಲ ಅನ್ನುತ್ತಾರೆ. ಬಾಕ್ಸಿನ ತಳದ ಫೋಟೊ ಬೇಕು. ಮಣಿಕಟ್ಟಿನದೂ ಬೇಕು, ಮೂವರದೂ. ಕೊರಿಯರ್ ಬಂದರೆ ಟೇಪು ಕತ್ತರಿಸುವ ಮುಂಚಿನಿಂದಲೇ ವಿಡಿಯೊ. ಮತ್ತೆ ನಕಲಿ ಬಂದರೆ ಹೋಗಲಿ ಅಂತ ಮಕ್ಕಳಿಗೆ ಆಡಲು ಕೊಡಬೇಡಿ, ಆ ಬಣ್ಣದಲ್ಲಿ ಏನು ಕಲಸಿದ್ದಾರೋ. ನಮ್ಮ ಮೂರೂ ಅಟ್ಟದ ಮೇಲೆ ಕವರಿನಲ್ಲಿ ಗಂಟು ಹಾಕಿಕೊಂಡು ಬಿದ್ದಿವೆ. ದಸರಾಗೆ ನೆಲದ ಮೇಲೆ ಮತ್ತೆ ಅದೇ ಹಳೆ ಝೂ.

ನಿನ್ನೆ ಗೆಳೆಯನೊಬ್ಬ ಒಂದು ಸ್ಕ್ರೀನ್‌ಶಾಟ್ ಕಳಿಸಿ "ಮಗಾ, ಸಕತ್ ಡೀಲ್, ತಗೊಳ್ಲಾ?" ಅಂದ. ಪೇಜಿನ ಹೆಸರು ಬೇರೆ, ನಂಬರ್ ಬೇರೆ. ಹಿಂದೆ ಹಸಿರು ಬೀರು, ಪಕ್ಕದಲ್ಲಿ ಅರ್ಧ ಹಳದಿ ಟೇಪು. ರೇಟು ಮಾತ್ರ ಐನೂರು ಏರಿಸಿದ್ದಾನೆ.