ಝೀರೋ ಎಕ್ಸ್‌ಪೋರ್ಟ್ ಸೋಲಾರ್ ಹಾಕಿಸುವವರು ಒಮ್ಮೆ ಓದಿ

ಯಲ್ಲಾಪುರದ ಭಾವ ಮೊನ್ನೆ ಫೋನ್ ಮಾಡಿದ್ದ. "ನಿಮ್ಮನೆಗೆ ಸೋಲಾರ್ ಹಾಕಿದವನೇ ನಮಗೂ ಕೊಟೇಶನ್ ಕೊಟ್ಟಿದ್ದಾನೆ. ಹೆಂಗೆ ಮಾರಾಯಾ, ಅಡ್ಡಿ ಇಲ್ವಾ?" ಫೋನಿನಲ್ಲಿ ಹೇಳಿ ಮುಗಿಸುವ ಕಥೆಯಲ್ಲ ಇದು. ಅವನಿಗೆ ಹೇಳಬೇಕಾದ್ದನ್ನು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯ ಹತ್ತಿರ ತೋಟದ ಮನೆ. ತಿಂಗಳಿಗೆ 240 ಯೂನಿಟ್ ಆಚೀಚೆ ಬರುತ್ತಿತ್ತು. 2024ರ ಫೆಬ್ರವರಿಯಲ್ಲಿ ಕೊಟ್ಟಿಗೆಯ ಮಾಡಿನ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್ ಕೂರಿಸಿದೆವು. ಹಾಕಿದವನ ಮಾತು ಬೆಣ್ಣೆ: "ಮಿಕ್ಕಿದ ಕರೆಂಟು ಮಾರೋ ನೆಟ್ ಮೀಟರ್ ಅಂತ ಹೋದ್ರೆ ಅರ್ಜಿ, ಇನ್‌ಸ್ಪೆಕ್ಷನ್, ಓಡಾಟ. ನೀವು ಕರೆಂಟು ಮಾರೋದೇ ಇಲ್ಲ ಅಂದ್ಮೇಲೆ ಯಾರನ್ನ ಕೇಳ್ಬೇಕು? ಪ್ಯಾನೆಲ್ಲಿನ ಕರೆಂಟನ್ನ ಮನೆಗೆ ಹೊಂದಿಸೋ ಇನ್ವರ್ಟರಲ್ಲಿ ಝೀರೋ ಎಕ್ಸ್‌ಪೋರ್ಟ್ ಅಂತ ಸೆಟ್ಟಿಂಗ್ ಇದೆ. ಆನ್ ಮಾಡಿದ್ರೆ ಮನೆಗೆ ಎಷ್ಟು ಬೇಕೋ ಅಷ್ಟೇ ತಯಾರಾಗ್ತದೆ." ಓಡಾಟ ತಪ್ಪುತ್ತದೆ ಅಂದರೆ ಯಾರಿಗೆ ಬೇಡ?

ಮುಂದಿನ ತಿಂಗಳ ಬಿಲ್ಲಿನಲ್ಲಿ 600ಕ್ಕೂ ಹೆಚ್ಚು ಯೂನಿಟ್. ಮಾರಿಕಾಂಬಾ ಜಾತ್ರೆಯ ವರ್ಷ, ಮನೆ ತುಂಬ ನೆಂಟರು. ಅವರ ತಲೆಗೆ ಕಟ್ಟಿ ಸುಮ್ಮನಾದೆ. ನೆಂಟರು ಹೋದ ಮೇಲಿನ ಬಿಲ್ಲು ಇನ್ನೂ ಮೇಲೆ! ಮೊಬೈಲ್ ಆ್ಯಪ್ ನೋಡಿದರೆ ನಡುಮಧ್ಯಾಹ್ನ ಮನೆ 7 ಕಿಲೋವ್ಯಾಟ್ ಉರಿಸುತ್ತಿದೆ ಅಂತ ತೋರಿಸುತ್ತಿತ್ತು. ಆ ಹೊತ್ತಿಗೆ ನಮ್ಮನೆಯಲ್ಲಿ ಓಡುವುದು ಒಂದು ಫ್ರಿಜ್, ಎರಡು ಫ್ಯಾನ್. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಹಿಡಿದು ತೋರಿಸಿದ್ದು ನಮ್ಮ ಕಡೆಯ ಲೈನ್‌ಮನ್. "ಹೆಗಡೇರೇ, ಸೋಲಾರ್ ಬಿಟ್ಟು ಮನೆಯ ಎಂಸಿಬಿ ಸ್ವಿಚ್ಚು ಎಲ್ಲ ಕೆಳಗೆ ಹಾಕಿ" ಅಂದರು. ಹಾಕಿದೆ. ಮನೆಯಲ್ಲಿ ಒಂದು ಬಲ್ಬೂ ಇಲ್ಲ. ಆದರೂ ಮೀಟರಿನ ಪುಟ್ಟ ಕೆಂಪು ದೀಪ ಸೆಕೆಂಡಿಗೆ ಮೂರು ನಾಲ್ಕು ಸಲ ಪಟಪಟ ಮಿಟುಕುತ್ತಿತ್ತು. ನಮ್ಮ ಮೀಟರಿನಲ್ಲಿ 3200 ಮಿಟುಕಿಗೆ ಒಂದು ಯೂನಿಟ್, ಲೆಕ್ಕ ನೀವೇ ಹಾಕಿಕೊಳ್ಳಿ. ಸೋಲಾರ್ ಎಂಸಿಬಿ ಇಳಿಸಿದ ಕೂಡಲೇ ದೀಪ ನಿಂತಿತು.

ಆದದ್ದು ಇಷ್ಟು. ಮೀಟರ್ ಪಕ್ಕದ ವಯರಿಗೆ ಸಿಟಿ ಅಂತ ಒಂದು ಕರಿ ಕ್ಲಾಂಪ್ ಹಾಕಿರುತ್ತಾರೆ. ಕರೆಂಟು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಅಂತ ಇನ್ವರ್ಟರಿಗೆ ತಿಳಿಸುವುದು ಅದೇ. ಅದರ ಮೈಮೇಲೆ ಅಕ್ಕಿಕಾಳಿನಷ್ಟು ಒಂದು ಬಾಣದ ಗುರುತಿದೆ. ನಮ್ಮಲ್ಲಿ ಬಾಣ ಉಲ್ಟಾ. ಹೊರಗೆ ಹರಿಯುವ ಕರೆಂಟನ್ನು ಇನ್ವರ್ಟರು ಒಳಗೆ ಬರುತ್ತಿದೆ ಅಂತ ತಿಳಿದು, "ಮನೆಗೆ ಸಾಲುತ್ತಿಲ್ಲ" ಅಂತ ಮತ್ತಷ್ಟು ತಳ್ಳುತ್ತಿತ್ತು. ಹಗಲಿಡೀ ಮನೆಗೆ ಬಳಸಿ ಮಿಕ್ಕಿದ್ದೆಲ್ಲ ಕಂಬಕ್ಕೆ. ಇನ್ನು ಮೀಟರಿಗೆ ದಿಕ್ಕಿನ ಹಂಗಿಲ್ಲ. ನೆಟ್ ಮೀಟರ್ ಅಲ್ಲದ ಇಂಥ ಮೀಟರುಗಳು ಹೋದದ್ದನ್ನೂ ಬಂದದ್ದರ ಲೆಕ್ಕಕ್ಕೇ ಬರೆಯುತ್ತವೆ. ನಮ್ಮ ಬಿಸಿಲನ್ನು ಪುಕ್ಕಟೆ ಕೊಟ್ಟು, ಅದಕ್ಕೆ ನಾವೇ ದುಡ್ಡು ಕಟ್ಟಿದ್ದು! ಮೀಟರಿನಲ್ಲಿ ದೋಷವಿಲ್ಲದ್ದರಿಂದ ವಾಪಸ್ ಕೇಳಲು ಬಾಯಿಯೂ ಇಲ್ಲ.

ಸೋಲಾರ್ ಹಾಕಿದವನೇ ಬಂದು ಬಾಣ ತಿರುಗಿಸಿ ಹಾಕಿದ. ಬಿಲ್ಲು ಇಳಿಯಿತು. ಮುಗಿಯಿತು ಅಂದುಕೊಂಡೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಒಂದು ಮರ ಬಿದ್ದರೆ ಮೂರು ದಿನ. ಅದಕ್ಕೇ ಮನೆಯನ್ನು ಲೈನಿಗೋ ಜನರೇಟರಿಗೋ ಬದಲಿಸುವ ಚೇಂಜೋವರ್ ಸ್ವಿಚ್ ಹಾಕಿ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದೇವೆ. ಆಗಸ್ಟಿನಲ್ಲಿ ಒಂದು ದಿನ ಕರೆಂಟಿಲ್ಲ, ಆದರೆ ಚುರುಕು ಬಿಸಿಲು. ನೀರಿನ ಪಂಪಿಗೆಂದು ಜನರೇಟರ್ ಹಚ್ಚಿದೆ. ಟ್ಯಾಂಕು ತುಂಬಿತು, ಪಂಪ್ ಬಂದ್ ಮಾಡಿದೆ. ಜನರೇಟರಿನ ದನಿ ಬದಲಾಯಿತು. ಗುಡುಗುಡು ಅನ್ನುತ್ತಿದ್ದದ್ದು ಏರುತ್ತಾ ಏರುತ್ತಾ ಕಿರುಚತೊಡಗಿತು. ಜಗುಲಿಯ ಬಲ್ಬು ಬೆಳ್ಳಗೆ ಉರಿದು ಪಟ್ ಅಂತ ಹೋಯಿತು. ನಾನು ಓಡಿ ಆಫ್ ಮಾಡುವಷ್ಟರಲ್ಲಿ ಜನರೇಟರಿನ ವೋಲ್ಟೇಜ್ ಹದದಲ್ಲಿಡುವ ಎವಿಆರ್, ಫ್ರಿಜ್ಜಿನ ಬೋರ್ಡು ಎರಡೂ ಸುಟ್ಟಿದ್ದವು.

ಸೋಲಾರ್ ವಯರನ್ನು ಹಾಕಿದವನು ಚೇಂಜೋವರ್ ಆದ ಮೇಲೆ, ಮನೆಯ ಕಡೆಗೆ ಜೋಡಿಸಿದ್ದ. ಜನರೇಟರ್ ಶುರುವಾದ ಕೂಡಲೇ ಇನ್ವರ್ಟರು "ಗ್ರಿಡ್ ಬಂತು" ಅಂತ ಅದರ ಜೊತೆ ಸೇರಿಕೊಂಡಿದೆ. ಸಿಟಿ ಇರುವುದು ಆಚೆ ಮೀಟರಿನ ಹತ್ತಿರ. ಅಲ್ಲಿ ಸೊನ್ನೆ, ತಡೆಯುವವರಿಲ್ಲ. ಪಂಪ್ ನಿಂತಾಗ ಮಿಕ್ಕಿದ ಕರೆಂಟು ಹೋಗುವುದೆಲ್ಲಿಗೆ? ಜನರೇಟರಿನೊಳಕ್ಕೇ ನುಗ್ಗಿ, ಅದನ್ನೇ ಮೋಟಾರಿನಂತೆ ಓಡಿಸಿದೆ. ಜನರೇಟರಿನ ಕಡೆಯೂ ಒಂದು ಸಿಟಿ, ಇಲ್ಲವೇ ಕರೆಂಟು ಉಲ್ಟಾ ನುಗ್ಗಿದರೆ ಕಡಿಯುವ ರಿವರ್ಸ್ ಪವರ್ ರಿಲೇ ಇರಬೇಕಿತ್ತಂತೆ. ಆಮೇಲೆ ಬಂದ ಬೇರೆ ಹುಡುಗ ಅದ್ಯಾವುದನ್ನೂ ಮಾಡಲಿಲ್ಲ. ಸೋಲಾರನ್ನು ಚೇಂಜೋವರಿನ ಮೊದಲಿಗೆ, ಲೈನಿನ ಕಡೆಗೆ ತಂದ. ಜನರೇಟರ್ ಓಡುವಾಗ ಸೋಲಾರ್ ಮಲಗಿರುತ್ತದೆ. ನಮ್ಮಂಥವರಿಗೆ ಅದೇ ಸಾಕು.

"ಮಾರದಿದ್ದರೆ ಒಪ್ಪಿಗೆ ಬೇಡ" ಅನ್ನುವುದೂ ಸುಳ್ಳೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು ಇರುವುದು ಲೈನಿಗೆ ಜೋಡಿಸಿಕೊಂಡು ಓಡುವ ಘಟಕಗಳಿಗೆ, ಮಾರುವವರಿಗೆ ಮಾತ್ರವಲ್ಲ. ಲೈನ್ ಹೋದರೆ ತಾನೇ ಕಳಚಿಕೊಳ್ಳಬೇಕು, ಲೈನ್‌ಮನ್ ಕೈಗೆ ಸಿಗುವಂತೆ ಬೀಗ ಹಾಕಬಹುದಾದ ಐಸೊಲೇಟರ್, ಅಂದರೆ ಸಂಪರ್ಕ ಕಡಿಯುವ ಸ್ವಿಚ್, ಇರಬೇಕು. ನಮ್ಮಲ್ಲಿ ಐಸೊಲೇಟರ್ ಇರಲೇ ಇಲ್ಲ. ಲೈನ್‌ಮನ್ ಅದಕ್ಕೇ ಬೈದರು. ಚೇಂಜೋವರ್ ಇಲ್ಲದೆ ಜನರೇಟರನ್ನು ಸೀದಾ ಪ್ಲಗ್ಗಿಗೆ ಚುಚ್ಚುವವರೂ ಊರಲ್ಲಿದ್ದಾರೆ. ಅವರಿಗೂ ಸೇರಿಸಿ ಲೈನ್‌ಮನ್ ಹೇಳಿದ್ದು: "ನಿಮ್ಮನೆಯ 230 ವೋಲ್ಟು ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರಿಗೆ, ಉಲ್ಟಾ ಹೊಕ್ಕರೆ ಆ ಕಡೆ 11 ಸಾವಿರ ಹೆಗಡೇರೇ, ಕಂಬದ ಮೇಲಿರೋದು ನಾವು."

ಭಾವಾ, ಅವನ ಹತ್ತಿರವೇ ಮಾಡಿಸುವುದಾದರೂ ಮೊದಲು ಕರೆಂಟಿನ ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಕೊಡು. ಕೊನೇ ಕಂತಿನ ದುಡ್ಡು ಕೈಯಲ್ಲೇ ಇಟ್ಟುಕೊಂಡು, ಒಳ್ಳೆ ಬಿಸಿಲಿನ ಮಧ್ಯಾಹ್ನ ಅವನನ್ನು ಕರೆಸು. ಸೋಲಾರ್ ಒಂದನ್ನು ಬಿಟ್ಟು ಎಲ್ಲ ಎಂಸಿಬಿ ಇಳಿಸಿ, ಇಬ್ಬರೂ ಮೀಟರಿನ ಕೆಂಪು ದೀಪ ನೋಡಿ, ಪಟಪಟ ಮಿಟುಕಬಾರದು. ಆಮೇಲೆ ಸಿಟಿಯ ವಯರನ್ನು ಇನ್ವರ್ಟರಿನ ತುದಿಯಲ್ಲಿ ಅವನ ಕೈಯಿಂದಲೇ ಕಿತ್ತು ನೋಡಲು ಹೇಳು. ಒಳ್ಳೇ ಇನ್ವರ್ಟರಾದರೆ ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ.